ಅತ್ತೆ ಕೂತ ಗಾಡಿ

ನಮ್ಮ ಮನೆಯಲ್ಲಿ ಮೂರು ವರ್ಷದಿಂದ ನಡೆಯುತ್ತಿದ್ದದ್ದು ಒಂದೇ ಜಗಳ, ಗ್ಯಾರೇಜು ಯಾರದ್ದು ಎಂದು. ನಾನು ಹೊಲಿಗೆಯವಳು. ಕೋಟು, ಪರದೆ, ಸೋಫಾದ ಹೊದಿಕೆ, ಏನು ತಂದುಕೊಟ್ಟರೂ ಹೊಲಿಯುತ್ತೇನೆ. ನನ್ನ ಎರಡೂ ಮಷೀನುಗಳು ಮಲಗುವ ಕೋಣೆಯಲ್ಲಿದ್ದವು. ಗುಂಡುಸೂಜಿ ಚುಚ್ಚಿಸಿಕೊಳ್ಳದೆ ಮಗ್ಗುಲು ಬದಲಿಸಿದ್ದೇ ನನಗೆ ನೆನಪಿಲ್ಲ. ಗ್ಯಾರೇಜಿನಲ್ಲಿ ಮಾತ್ರ ನಮ್ಮ ಯಜಮಾನರ ಬಗ್ಗಿ ಕಾಲು ಚಾಚಿಕೊಂಡು ಆರಾಮವಾಗಿತ್ತು. ಕಬ್ಬಿಣದ ಕೊಳವೆಗಳನ್ನು ಬೆಸೆದು, ನಾಲ್ಕು ದಪ್ಪ ಟಯರು ಹಾಕಿ, ನಡುವೆ ಒಂದೇ ಒಂದು ಸೀಟು ಇಟ್ಟ ಗಾಡಿ. ಬಾಗಿಲಿಲ್ಲ, ಗಾಜಿಲ್ಲ, ನಾಚಿಕೆಯೂ ಇಲ್ಲ. ಬೀದಿಯವರು ಅದಕ್ಕೆ ಕಪ್ಪೆ ಎಂದು ಹೆಸರಿಟ್ಟಿದ್ದರು.

ಗುಡ್ಡದ ಹಿಂದಿನ ಮಣ್ಣುಹಾದಿಯಲ್ಲಿ ವರ್ಷಕ್ಕೊಮ್ಮೆ ಬಗ್ಗಿಗಳ ಓಟ. ಗೆಲ್ಲುವ ಆಸೆ ಯಜಮಾನರಿಗೆ ಇರಲಿಲ್ಲ, ಪಾಪ. ಸ್ಟಿಯರಿಂಗ್ ಹಿಡಿದು ಒಂದು ಸುತ್ತು ಮುಗಿಸಿದರೆ ಸಾಕು, ಜನ್ಮ ಸಾರ್ಥಕ ಅನ್ನುತ್ತಿದ್ದರು. ಮೊದಲ ವರ್ಷ ಕಪ್ಪೆ ಹಳ್ಳದಲ್ಲಿ ಹೊಟ್ಟೆ ಉಜ್ಜಿಕೊಂಡು ಕೂತುಬಿಟ್ಟಿತು. ಮರುವರ್ಷವೂ ಅದೇ ಹಳ್ಳ, ಅದೇ ಹೊಟ್ಟೆ. ಆಗ ನಾನು ರಂಪ ಮಾಡಿದೆ. ಅವರು ಎದೆಯ ಮೇಲೆ ಕೈಯಿಟ್ಟು, "ಈ ಸಲ ಸುತ್ತು ಮುಗಿಸ್ಲಿಲ್ಲ ಅಂದ್ರೆ ಗ್ಯಾರೇಜು ನಿಂದು ಕಣೇ. ನಾನೇ ನಿನ್ ಮಷೀನು ಹೊತ್ತು ತಂದಿಡ್ತೀನಿ," ಅಂದರು. ಗೋಡೆಗೆ ಯಾವ ಬಣ್ಣ ಹೊಡೆಸುವುದು ಎಂದು ನಾನು ಅವತ್ತೇ ಯೋಚಿಸತೊಡಗಿದೆ.

ತಪ್ಪೆಲ್ಲ ಸ್ಪ್ರಿಂಗಿನದು ಎಂದು ಅವರಿಗೆ ಹೊಳೆಯಿತು. ಓಡಿಸುವವರು ಕೂತಾಗ ಗಾಡಿ ಎಷ್ಟು ತಗ್ಗಬೇಕೋ ಅಷ್ಟೇ ತಗ್ಗಬೇಕಂತೆ. ಜಾಸ್ತಿ ತಗ್ಗಿದರೆ ಹೊಟ್ಟೆ ನೆಲಕ್ಕೆ ಬಡಿಯುತ್ತದೆ, ತಗ್ಗದೇ ಹೋದರೆ ಕಲ್ಲುಕಲ್ಲಿಗೂ ಎಗರುತ್ತದೆ. ಅದನ್ನು ಅಳೆಯಲು ಅವರು ನೆಲದ ಮೇಲೆ ಬೋರಲು ಬೀಳಬೇಕು, ಸೀಟಿನಲ್ಲಿ ಬೇರೆ ಯಾರಾದರೂ ಕೂರಬೇಕು. ಬಂದು ನನ್ನನ್ನು ಕರೆದರು.

"ನನ್ ಗ್ಯಾರೇಜು ಕಳ್ಕೊಳ್ಳೋಕೆ ನಾನೇ ಬಂದು ಕೂರ್ಬೇಕಾ?" ಎಂದು ಮುಖದ ಮೇಲೇ ಬಾಗಿಲು ಹಾಕಿಕೊಂಡೆ.

ಬಂದು ಕೂತವಳು ಪಕ್ಕದ ಬೀದಿಯ ನನ್ನ ಅಮ್ಮ. ಶಾಲೆಯ ಬಸ್ಸು ಓಡಿಸಿ ಓಡಿಸಿ ನಿವೃತ್ತಳಾದವಳು, ಸ್ಟಿಯರಿಂಗ್ ಕಂಡರೆ ಸಾಕು, ಕೈ ತಾನಾಗಿ ಹೋಗುತ್ತದೆ. ದಿನಾ ಸಂಜೆ ಕಾಫಿ ಲೋಟ ಹಿಡಿದು ಮಹಾರಾಣಿಯ ಹಾಗೆ ಸೀಟಿನಲ್ಲಿ ವಿರಾಜಮಾನಳಾಗುತ್ತಿದ್ದಳು. ಕೆಳಗೆ ಅಳಿಯ ಟೇಪು ಹಿಡಿದು ಬಿದ್ದಿರುತ್ತಿದ್ದರು.

"ಅತ್ತೆ, ತಪ್ಪು ತಿಳ್ಕೋಬೇಡಿ. ಸ್ವಲ್ಪ ಕೂತಲ್ಲೇ... ಮೇಲೆ ಕೆಳಗೆ ಆಗ್ತೀರಾ?"

"ಕುಣೀಬೇಕಾ?"

"ಛೆ ಛೆ, ಕುಣಿಯೋದಲ್ಲ. ಗಾಡಿ ಒಂಚೂರು ಅಲುಗಾಡಿದ್ರೆ ಸಾಕು."

"ಅದಕ್ಕೇ ಕುಣಿಯೋದು ಅಂತಾರೆ ಅಳಿಯಂದ್ರೇ," ಎಂದು ಅಮ್ಮ ಕುಣಿದಳು. ಕಪ್ಪೆಯ ಹೊಟ್ಟೆ ಧಬ್ಬೆಂದು ನೆಲ ಮುಟ್ಟಿತು. ಕೆಳಗಿನಿಂದ ಯಜಮಾನರ ಬೆರಳು ಸಿಕ್ಕಿಕೊಂಡ ಸದ್ದೂ ಬಂತು.

ಸ್ಪ್ರಿಂಗುಗಳನ್ನು ಬಿಗಿ ಮಾಡಿದರು. ಸಾಲಲಿಲ್ಲ. ಇನ್ನೂ ಬಿಗಿ ಮಾಡಿದರು. ಕೊನೆಗೆ ಹಳೆಯ ನಾಲ್ಕನ್ನೂ ಬಿಚ್ಚಿ ಗುಜರಿಗೆ ಹಾಕಿ, ಹೆಬ್ಬೆರಳಿನಷ್ಟು ದಪ್ಪ ಕಂಬಿಯ ಹೊಸ ಸ್ಪ್ರಿಂಗು ತಂದು ಕೂರಿಸಿದರು. ಈಗ ಅಮ್ಮ ಎಷ್ಟು ಕುಣಿದರೂ ಗಾಡಿ ಒಮ್ಮೆ ತಗ್ಗಿ, ಒಮ್ಮೆ ಎದ್ದು, ಗಪ್ಪನೆ ನಿಲ್ಲುತ್ತಿತ್ತು. ಯಜಮಾನರ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಗ್ಯಾರೇಜು ಕೈತಪ್ಪಿತಲ್ಲ ಎಂದು.

ಓಟದ ದಿನ ಬೆಳಿಗ್ಗೆ ಅಭ್ಯಾಸಕ್ಕೆಂದು ಯಜಮಾನರು ಹೆಲ್ಮೆಟ್ ಹಾಕಿ ಸೀಟಿಗೆ ಇಳಿದರು. ಗಾಡಿ ತಗ್ಗಲೇ ಇಲ್ಲ. ತಮ್ಮ ಮೇಲೆ ಯಾರಾದರೂ ಕೂತಿದ್ದಾರೆ ಎಂಬ ಅನುಮಾನವೇ ಆ ಸ್ಪ್ರಿಂಗುಗಳಿಗೆ ಬಂದಂತಿರಲಿಲ್ಲ. ಹೊರಟ ಮೇಲೆ ನೋಡಬೇಕಿತ್ತು. ಒಂದು ಸಣ್ಣ ಉಬ್ಬಿಗೆ ನಾಲ್ಕೂ ಚಕ್ರ ಗಾಳಿಯಲ್ಲಿ, ಇಳಿದರೆ ಮತ್ತೆ ಗಾಳಿಯಲ್ಲಿ. ಕಪ್ಪೆ ಎಂಬ ಹೆಸರು ಅವತ್ತು ಸಾರ್ಥಕವಾಯಿತು. ಅರ್ಧ ದಾರಿಗೇ ಹಾದಿ ಬಿಟ್ಟು ಪೊದೆಗೆ ನುಗ್ಗಿ, ತಳ್ಳಿಸಿಕೊಂಡು ವಾಪಸ್ಸು ಬಂದರು. ಮೈಯೆಲ್ಲ ಮುಳ್ಳು. ಟಯರಿನ ಮೇಲೆ ಕುಸಿದು ಕೂತು, "ಎಲ್ಲಾ ಸರಿಯಾಗಿ ಅಳ್ದಿದ್ದೆ ಕಣೇ," ಅಂದರು.

ನನಗೆ ಆಗಲೇ ಗೊತ್ತಾಗಿಹೋಗಿತ್ತು. ಜನರ ಸೊಂಟ ಅಳೆದೇ ಬದುಕುವವಳು ನಾನು. ಅಮ್ಮನ ಸೊಂಟ ಸುತ್ತುವ ಟೇಪು ಇವರಿಗೆ ಎರಡು ಸುತ್ತು ಬರುತ್ತದೆ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಸಂಜೆಗೆ ಗ್ಯಾರೇಜು ನನ್ನದು. ಆದರೆ ಆ ಮುಖ ನೋಡಿ ಕರುಳು ಚುರುಕ್ಕೆಂದಿತು. ನನಗೆ ಗ್ಯಾರೇಜು ಬೇಕಿತ್ತು, ನಿಜ. ಹೀಗೆ ಬೇಕಿರಲಿಲ್ಲ.

"ರೀ, ಅಮ್ಮನ ತೂಕ ಎಷ್ಟು ಅಂತ ಕೇಳಿದ್ರಾ?"

ಅವರು ಗಾಬರಿಯಾಗಿ ಅತ್ತಿತ್ತ ನೋಡಿದರು. "ಮೆಲ್ಲಗೆ ಮಾತಾಡೇ! ಅತ್ತೆ ಹತ್ರ ಹೋಗಿ ತೂಕ ಎಷ್ಟು ಅಂತ ಯಾವ ಅಳಿಯ ಕೇಳ್ತಾನೆ?"

"ಮತ್ತೆ?"

"ಹೆಚ್ಚುಕಮ್ಮಿ ನನ್ನಷ್ಟೇ ಅಂದ್ಕೊಂಡೆ. ಮರ್ಯಾದೆಗೆ."

ಇವರಿಗೆ ಕನ್ನಡಕದ ಅಂಗಡಿಯಿದೆ. ಊರವರ ಕಣ್ಣೆಲ್ಲ ಪರೀಕ್ಷೆ ಮಾಡುವ ಮನುಷ್ಯನಿಗೆ ಎದುರಿಗೆ ಕೂತ ಅತ್ತೆ ಕಾಣಿಸಿರಲಿಲ್ಲ! ಹೊಡೆಯಬೇಕೋ ಮುದ್ದಿಸಬೇಕೋ ತಿಳಿಯಲಿಲ್ಲ. ಸೀಟಿನ ಕೆಳಗೆ ಕಲ್ಲು ತುಂಬೋಣ ಎಂದರೆ, ಓಟದ ಮೇಲ್ವಿಚಾರಕರು ಬಂದು, ಬಿಡಿ ಸಾಮಾನು ಏನೂ ಇಡುವಂತಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು.

ಹಿಂದೆ ಕೆಮ್ಮು ಕೇಳಿಸಿತು. ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು.

"ನಿಮ್ ತೂಕ ಎಷ್ಟು ಅಳಿಯಂದ್ರೇ?"

"ಐವತ್ತೈದು, ಅತ್ತೆ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ತೊಂಬತ್ತೆರಡು," ಅಂದಳು. ಬಸ್ಸಿನ ಕೊನೆಯ ಸೀಟಿನ ಮಕ್ಕಳಿಗೆ ಕೂಗಿ ಅಭ್ಯಾಸವಾದ ಗಂಟಲು ಅದು, ಸಾಲಿನಲ್ಲಿದ್ದ ಬಗ್ಗಿಯವರೆಲ್ಲ ತಿರುಗಿ ನೋಡಿದರು. "ಡಾಕ್ಟ್ರಿಗೂ ಹೇಳಿರ್ಲಿಲ್ಲ ನಾನು. ಕೊಡಿ ಇಲ್ಲಿ ಹೆಲ್ಮೆಟ್ಟು."

ಯಜಮಾನರು ಹೆಲ್ಮೆಟ್ಟನ್ನು ಎದೆಗೆ ಅವುಚಿಕೊಂಡರು. ಮೂರು ವರ್ಷ ಕಾದ ಸುತ್ತು ಅದು, ಬಿಟ್ಟುಕೊಡುವುದು ಸುಲಭವೇ? ಗಾಡಿಯ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು. ಆಮೇಲೆ ತಾವೇ ಹೆಲ್ಮೆಟ್ಟನ್ನು ಅಮ್ಮನ ತಲೆಗೆ ಹಾಕಿ ಪಟ್ಟಿ ಬಿಗಿದರು. ಮೇಲ್ವಿಚಾರಕರು ಲೈಸೆನ್ಸು ಕೇಳಿದ್ದಕ್ಕೆ ಅಮ್ಮ, "ಬಸ್ಸಿಂದು ನಡೆಯುತ್ತಾ?" ಅಂದಳು. ಅವರು ಪಕ್ಕಕ್ಕೆ ಸರಿದು ನಿಂತರು.

ಅಮ್ಮ ಬಂದದ್ದು ಎಲ್ಲರಿಗಿಂತ ಕೊನೆಗೆ. ಪ್ರತಿ ತಿರುವಿನಲ್ಲೂ ಕೈ ಹೊರಗೆ ಹಾಕಿ ತೋರಿಸಿದಳು, ಹಿಂದೆ ಯಾರೂ ಇಲ್ಲದಿದ್ದರೂ. ಹಳ್ಳ ಬಂತು. ಕಪ್ಪೆ ಒಮ್ಮೆ ತಗ್ಗಿತು, ಒಮ್ಮೆ ಎದ್ದಿತು, ಏನೂ ಆಗಿಲ್ಲವೆಂಬಂತೆ ಮುಂದೆ ಹೋಯಿತು. ಯಜಮಾನರು ಹಗ್ಗದ ಈಚೆಯಿಂದ ಓಡುತ್ತ, "ನೋಡೇ, ಸ್ಪ್ರಿಂಗು ಹೇಗೆ ಕೂತಿದೆ ನೋಡೇ!" ಎಂದು ಚಿಕ್ಕ ಮಕ್ಕಳ ಹಾಗೆ ಅತ್ತರು. ಮೂರು ವರ್ಷದಲ್ಲಿ ಮೊದಲ ಸಲ ಆ ಗಾಡಿ ನನಗೂ ಚೆಂದ ಕಂಡಿತು.

ಮನೆಗೆ ಬಂದವರೇ ನನ್ನ ಮಷೀನಿಗೆ ಕೈ ಹಾಕಿದರು. "ಸುತ್ತು ಮುಗಿಸಿದ್ದು ನಾನಲ್ಲ. ಗ್ಯಾರೇಜು ನಿಂದೇ," ಅಂದರು. "ಗಾಡಿ ಮುಗಿಸ್ತಲ್ರೀ, ಗ್ಯಾರೇಜು ಅದರದ್ದೇ," ಎಂದು ನಾನು ಮಷೀನಿನ ಇನ್ನೊಂದು ತುದಿ ಹಿಡಿದು ಎಳೆದೆ. ಸೋಲಲು ಇಬ್ಬರೂ ಇಷ್ಟು ಹಟ ಮಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು.

ತೀರ್ಮಾನ ಮಾಡಿದವಳು ಅಮ್ಮ. ಕಪ್ಪೆಯನ್ನು ತನ್ನ ಮನೆಯ ಅಂಗಳಕ್ಕೆ ಒಯ್ದಳು. "ಮುಂದಿನ ವರ್ಷ ನೀವೇ ಓಡ್ಸಿ ಅಳಿಯಂದ್ರೇ. ಆದ್ರೆ ಇಷ್ಟು ಚೆನ್ನಾಗಿರೋ ಸ್ಪ್ರಿಂಗು ಮಾತ್ರ ಬಿಚ್ಚೋದು ಬೇಡ," ಎಂದು ಅವರನ್ನು ದಿನವೂ ಎರಡು ಹೊತ್ತು ಊಟಕ್ಕೆ ಕರೆಯುತ್ತಿದ್ದಾಳೆ. ಬೇಡ ಅನ್ನಲು ಇವರಿಗೆ ಮರ್ಯಾದೆ ಅಡ್ಡ ಬರುತ್ತದೆ. ಈಗ ಅರವತ್ತೆಂಟು ಕಿಲೋ ದಾಟಿದ್ದಾರೆ. ನಾನು ಗ್ಯಾರೇಜಿನಲ್ಲಿ ಕೂತು ಅವರ ಪ್ಯಾಂಟುಗಳ ಸೊಂಟ ಬಿಚ್ಚಿ ಅಗಲ ಮಾಡುತ್ತಿದ್ದೇನೆ.