ಅಕ್ಕನ ಡಬ್ಬಿಗಳು

“ಇದನ್ನ ಕ್ಯಾಮೆರಾ ಅಂತ ಕರೆದ್ರೆ ನಾನು ಬಾಯಿ ತೊಳ್ಕೋಬೇಕಾಗುತ್ತೆ,” ಎಂದ ಫೋಟೊಗ್ರಾಫರ್, ಅಕ್ಕ ಊಟದ ಮೇಜಿನ ಮೇಲಿಟ್ಟ ಕಪ್ಪು ವಸ್ತುವನ್ನು ಬೆರಳ ತುದಿಯಿಂದ ಆಚೆ ತಳ್ಳುತ್ತ. “ಸೋಪಿನ ಡಬ್ಬಿ. ಒಂದು ಕಡೆ ತೂತು ಬಿದ್ದಿದೆ, ಅಷ್ಟೆ.”

ಅಕ್ಕ ಅದನ್ನು ಮತ್ತೆ ತನ್ನತ್ತ ಎಳೆದುಕೊಂಡಳು. ಅಂದು ಬೆಳಿಗ್ಗೆ ಗುಜರಿ ಸಂತೆಯಲ್ಲಿ, ಕೆಟ್ಟ ಇಸ್ತ್ರಿಪೆಟ್ಟಿಗೆಗಳೂ ಒಂಟಿ ಸ್ಪೀಕರುಗಳೂ ಬಿದ್ದಿದ್ದ ರಾಶಿಯ ಅಡಿಯಲ್ಲಿ ಅದು ಸಿಕ್ಕಿತ್ತು. ರೀಲು ಹಾಕುವ ಹಳೆಯ ಕಾಲದ ಪುಟ್ಟ ಕ್ಯಾಮೆರಾ. ಬ್ಯಾಟರಿ ಕೂರುವ ಜಾಗದಲ್ಲಿ ಹಸಿರು ಕಿಲುಬು. ಹಿಂಬದಿಯ ಮುಚ್ಚಳದ ಸುತ್ತಿನ ಸ್ಪಂಜು ಕರಗಿ ಡಾಂಬರಿನಂತೆ ಕೈಗೆ ಅಂಟುತ್ತಿತ್ತು. ಆದರೆ ಲೆನ್ಸು ಮುಚ್ಚುವ ಮುಂದಿನ ತಗಡನ್ನು ಪಕ್ಕಕ್ಕೆ ಸರಿಸಿದರೆ ಇನ್ನೂ ಟಕ್ ಎನ್ನುತ್ತಿತ್ತು. ಆ ಒಂದು ಸದ್ದಿಗೇ ಅವಳು ಮನಸೋತಿದ್ದಳು.

“ಗಾಜು ನೋಡೋ, ಒಂದು ಗೀರಿಲ್ಲ.”

“ಡಬ್ಬಿಗೆ ಗಾಜು ಬೇರೆ ಕೇಡು.”

ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದ ಈಕೆಯನ್ನು ಊರಿಗೆ ಊರೇ ಸಿಸ್ಟರ್ ಎನ್ನುತ್ತಿತ್ತು. ಒಡಹುಟ್ಟಿದ ತಮ್ಮನೊಬ್ಬ ಮಾತ್ರ ಅವಳನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಮದುವೆಯಾಗದ ಅವಳ ವಾಸ ತಮ್ಮನ ಮನೆಯ ಮಹಡಿ ಕೋಣೆಯಲ್ಲಿ. ಕೆಳಗೆ ರಸ್ತೆಗೆ ಮುಖಮಾಡಿ ಅವನ ಸ್ಟುಡಿಯೊ.

ಅವನ ತಾತ್ಸಾರ ಅಕ್ಕನೊಬ್ಬಳಿಗೇ ಮೀಸಲಾಗಿರಲಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆಯುವವರು, ಸರಿಯಾಗಿ ಕ್ಲಿಕ್ಕಿಸುವ ಹೊತ್ತಿಗೆ ಕಣ್ಣು ಮುಚ್ಚುವ ಮದುಮಕ್ಕಳು, ಪಾಸ್‌ಪೋರ್ಟ್ ಫೋಟೊಗೆ ಬಂದು ಬಾಚಣಿಗೆ ಕೇಳುವವರು, ಎದುರಿನ ಜೆರಾಕ್ಸ್ ಅಂಗಡಿಯವನು, ಎಲ್ಲರಿಗೂ ಅದು ಧಾರಾಳವಾಗಿ ಸಲ್ಲುತ್ತಿತ್ತು. ಅವನ ಕ್ಯಾಮೆರಾಗಳೋ ಹೆಗಲು ಜಗ್ಗುವಷ್ಟು ಭಾರ, ಲೆನ್ಸು ಮೊಣಕೈಯುದ್ದ. ಇಷ್ಟೆಲ್ಲ ಕಟ್ಟಿಕೊಂಡು ಅವನು ಮಾಡುತ್ತಿದ್ದುದು ಮದುಮಗಳ ಮುಖಕ್ಕೆ ಕಂಪ್ಯೂಟರಿನಲ್ಲಿ ಸುಣ್ಣ ಬಳಿದು, ಅವಳು ಜನ್ಮದಲ್ಲಿ ಕಾಣದ ಜಲಪಾತವೊಂದನ್ನು ಬೆನ್ನ ಹಿಂದೆ ಸುರಿಸುವ ಕೆಲಸ. ಗಿರಾಕಿಗಳ ಕಾಲರು ಸರಿಮಾಡುವುದು, ದೀಪ ಹಿಡಿಯುವುದು ಹೆಂಡತಿಯ ಪಾಲಿಗೆ. “ಅಲ್ಲಲ್ಲ, ಇಲ್ಲಿ! ಕಣ್ಣಿಲ್ವಾ ನಿಂಗೆ?” ಎಂಬುದು ಅವರ ದಾಂಪತ್ಯದಲ್ಲಿ ಅತಿ ಹೆಚ್ಚು ಸವೆದ ಮಾತು.

ಅಕ್ಕ ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಕಿಲುಬನ್ನು ತೆಗೆದಳು, ಆಗ ತಾನೇ ಹುಟ್ಟಿದ ಕೂಸಿನ ಕಿವಿ ಒರೆಸುವಷ್ಟು ಹಗುರವಾಗಿ. ಕರಗಿದ ಸ್ಪಂಜನ್ನು ಕೆರೆದು ಆ ಜಾಗಕ್ಕೆ ಕಪ್ಪು ಉಣ್ಣೆದಾರ ಅಂಟಿಸಿದಳು. ರೀಲು ಹಾಕಿ, ಕೈಚೀಲದಲ್ಲಿ ಕನ್ನಡಕದ ಪಕ್ಕಕ್ಕಿಟ್ಟುಕೊಂಡು ಹೊರಟಳು. ತರಕಾರಿಯವಳ ಮುಂದೆ ತೆಗೆದು ಹಿಡಿದರೂ, ಬಸ್ಸಿನಲ್ಲಿ ಹಿಡಿದರೂ ಯಾರೂ ಮುಖ ಬಿಗಿಮಾಡುತ್ತಿರಲಿಲ್ಲ. ಮುದುಕಿ ಏನೋ ಆಟದ ಸಾಮಾನು ಹಿಡಿದಿದ್ದಾಳೆ ಎಂದು ತಮ್ಮ ಪಾಡಿಗೆ ತಾವಿರುತ್ತಿದ್ದರು. ಅದೇ ಅವಳಿಗೆ ಬೇಕಾಗಿದ್ದದ್ದು.

“ತೊಳೆದು ಬರೋವರೆಗೂ ಒಳಗೇನಿದೆ ಅಂತ ಗೊತ್ತಾಗಲ್ಲ ಕಣೋ. ಥೇಟ್ ಹೆರಿಗೆ ಹಾಗೆ,” ಎಂದಳು ಒಮ್ಮೆ ಊಟದ ಹೊತ್ತಿನಲ್ಲಿ.

“ಹುಟ್ಟೋದೆಲ್ಲ ಮಬ್ಬು ಕೂಸುಗಳು ಬಿಡು,” ಎಂದ ತಮ್ಮ, ಅನ್ನದ ತಟ್ಟೆಯಿಂದ ತಲೆಯೆತ್ತದೆ. ಅವಳು ಆಗಲೂ ಒಂದು ಚಿತ್ರ ತೆಗೆದಳು.

ರೀಲು ತೊಳೆಯುವ ಲ್ಯಾಬು ಪಕ್ಕದ ಊರಿನಲ್ಲಷ್ಟೇ ಉಳಿದಿತ್ತು. ಒಂದು ಸಂಜೆ ಅವಳು ಅಲ್ಲಿಂದ ಚಿತ್ರಗಳ ಲಕೋಟೆ ಹಿಡಿದು ಬಂದಾಗ ಫೋಟೊಗ್ರಾಫರ್ ಕುರ್ಚಿ ಎಳೆದುಕೊಂಡು ಕೂತ. ತಪ್ಪು ಹುಡುಕುವ ಇಂಥ ಹಬ್ಬದೂಟವನ್ನು ಅವನು ಬಿಟ್ಟವನಲ್ಲ.

“ಇಲ್ಲಿ ನಾಯಿಗೆ ಬಾಲ ಇಲ್ಲ. ಇಲ್ಲಿ ಭೂಮಿನೇ ವಾಲಿದೆ. ಇದೇನಿದು, ನಿನ್ನ ಹೆಬ್ಬೆರಳಾ?”

ಅಕ್ಕ ಚಿತ್ರಗಳನ್ನು ಒಂದೊಂದಾಗಿ ಹರಡುತ್ತ ಹೋದಳು. ನಿದ್ದೆ ಹೋದ ಬಸ್ಸು ಕಂಡಕ್ಟರ್. ಗಿರಾಕಿಯಿಲ್ಲದ ಹೊತ್ತಿನಲ್ಲಿ ತಾನೇ ಕ್ಷೌರದ ಕುರ್ಚಿಯಲ್ಲಿ ಒರಗಿದ ಕ್ಷೌರಿಕ. ಆಮೇಲೆ ಬಂದದ್ದು ತಮ್ಮನೇ. ಚಹದ ಲೋಟದ ಮುಂದೆ ತಮ್ಮ, ಮಗು ಎತ್ತಿಕೊಂಡ ಗಿರಾಕಿಯ ಮುಂದೆ ತಮ್ಮ, ತಟ್ಟೆಯ ಮುಂದೆ ತಮ್ಮ.

ಮೊದಲು ಅವನಿಗೆ ಗುರುತು ಹತ್ತಲಿಲ್ಲ. ಬಾಯಿಯ ಎಡತುದಿ ಕೆಳಕ್ಕೆ ಜೋತಿತ್ತು. ಮೂಗಿನ ಹೊಳ್ಳೆಗಳು ಎಲ್ಲೋ ಇಲಿ ಸತ್ತಿದೆ ಎಂಬಂತೆ ಅರಳಿದ್ದವು. ಎಲ್ಲದರಲ್ಲೂ ಅದೇ. ಲೋಟವನ್ನೂ ಮಗುವನ್ನೂ ಅವನು ಒಂದೇ ರೀತಿ ನೋಡುತ್ತಿದ್ದ.

“ಅಗ್ಗದ ಲೆನ್ಸು,” ಎಂದ. “ಅಂಚಿನಲ್ಲಿ ಮುಖ ಎಳೆದುಬಿಡುತ್ತೆ.”

“ನೀನು ನಡುವೆ ಇದ್ದೀಯ ಕಣೋ.”

ಒಲೆಯ ಬಳಿಯಿಂದ ಕೈ ಒರೆಸಿಕೊಳ್ಳುತ್ತ ಬಂದ ಹೆಂಡತಿ ಬಗ್ಗಿ ನೋಡಿದವಳೇ ಸೆರಗು ಬಾಯಿಗೊತ್ತಿಕೊಂಡಳು. ತಡೆಯಲಾಗಲಿಲ್ಲ. “ಅಯ್ಯೋ ಅತ್ತಿಗೆ, ಬಂದೇಬಿಟ್ಟಿದೆ! ಹೇಗೆ ಸಿಕ್ತು ನಿಮಗೆ? ನಮ್ಮಮ್ಮನ ಹತ್ರ ಎಷ್ಟು ಸಲ ಈ ಮುಖ ಮಾಡಿ ತೋರ್ಸಿದೀನಿ ಗೊತ್ತಾ? ಅಳಿಯಂದಿರು ಹಾಗಿಲ್ಲ ಬಿಡು ಅಂತಾರೆ. ನಂಬೋರೇ ಇಲ್ಲ!” ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಅವನು ಕಂಡಿರದ ನಗು ಅದು.

ಆಮೇಲೆ ಅವಳ ಕೈಗೆ ಕೊನೆಯ ಚಿತ್ರ ಸಿಕ್ಕಿತು. ಸ್ಟುಡಿಯೊದ ಒಳಗಿನದು. ಅವನು ಕೈ ಚಾಚಿ ಏನೋ ಹೇಳುತ್ತಿದ್ದಾನೆ. ಪಕ್ಕದಲ್ಲಿ ದೀಪ ಹಿಡಿದ ಹೆಂಗಸೊಬ್ಬಳು, ತಲೆ ಭುಜಗಳ ನಡುವೆ ಹುದುಗಿದೆ, ಏಟು ಬೀಳುವ ಮುಂಚೆ ಮಕ್ಕಳು ಹುದುಗಿಸಿಕೊಳ್ಳುವ ಹಾಗೆ. ಅವನು ಅವಳ ಮೇಲೆ ಎಂದೂ ಕೈ ಮಾಡಿದವನಲ್ಲ.

“ಇದು ನಾನಾ?” ಎಂದಳು. ಅವಳು ಚಿತ್ರವನ್ನು ದೀಪದ ಬಳಿಗೆ ಒಯ್ದು ಬಹಳ ಹೊತ್ತು ನೋಡಿದಳು. ವಾಪಸು ಬಂದಾಗ ನಗು ಇಂಗಿಹೋಗಿತ್ತು.

“ರೀ, ನಾಳೆಯಿಂದ ದೀಪ ಹಿಡಿಯೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

“ಏನೀಗ? ಡಬ್ಬಿ ತೆಗೆದ ಫೋಟೊ ನೋಡಿ ತಲೆ ಕೆಡ್ತಾ ನಿಂಗೆ?”

“ನೋಡಿ, ಈಗಲೂ ಅದೇ ಮುಖ.”

ಅವನ ಕೈ ತಾನಾಗಿ ಬಾಯಿಯತ್ತ ಹೋಯಿತು. ಇದೆಲ್ಲ ಎರಡು ದಿನದ ರೋಷ ಎಂದುಕೊಂಡ. ಆದರೆ ಅವಳು ನಿಜಕ್ಕೂ ಸ್ಟುಡಿಯೊದ ಕಡೆ ಸುಳಿಯಲಿಲ್ಲ. ದೀಪ ತಾನೇ ನಿಲ್ಲಿಸಿ, ಕಾಲರು ತಾನೇ ಸರಿಮಾಡಿ, ಮತ್ತೆ ಓಡಿ ಬಂದು ಕ್ಯಾಮೆರಾ ಹಿಡಿಯುವಷ್ಟರಲ್ಲಿ ಗಿರಾಕಿ ಅತ್ತ ವಾಲಿರುತ್ತಿದ್ದ. ಬೈಯಲು ಬಾಯಿ ತೆರೆದರೆ ತನ್ನ ಮುಖ ಹೇಗಿದೆಯೋ ಎಂಬ ಅನುಮಾನ ಅಡ್ಡ ಬರುತ್ತಿತ್ತು. ಗಿರಾಕಿಗಳಿಗೆಂದು ತೂಗುಹಾಕಿದ್ದ ಕನ್ನಡಿಯಲ್ಲಿ ಹಿಡಿಯಲು ನೋಡಿದ. ಆ ಮುಖ ಕನ್ನಡಿಯ ಮುಂದೆ ಸಭ್ಯ ಗೃಹಸ್ಥನಾಗಿಬಿಡುತ್ತಿತ್ತು.

ಭಾನುವಾರಗಳಲ್ಲಿ ಅತ್ತಿಗೆ ನಾದಿನಿಯರಿಬ್ಬರೂ ಸಂತೆಗೆ ಹೋಗತೊಡಗಿದರು. ಬರುವಾಗ ಕೈತುಂಬ ಧೂಳು, ಬಾಯಿತುಂಬ ಮಾತು. ಕ್ಯಾಮೆರಾ ಕೊಳ್ಳುವ ಮುನ್ನ ಬ್ಯಾಟರಿಯ ಜಾಗ ಮೂಸಿ ನೋಡಬೇಕಂತೆ. ಫ್ಲ್ಯಾಶ್ ಕೀರಲು ಸ್ವರದಲ್ಲಿ ಹಾಡಿದರೆ ಜೀವವಿದೆಯಂತೆ. ಅವರಿಬ್ಬರ ಮೂರ್ಖತನ ಕೇಳುತ್ತ ಅವನು ಒಬ್ಬನೇ ಉಣ್ಣುತ್ತಿದ್ದ.

ಒಂದು ಮಧ್ಯಾಹ್ನ ಚಹ ಕೇಳಲೆಂದು ಅವನು ಮಹಡಿ ಹತ್ತಿದ. ಅಕ್ಕ ಇರಲಿಲ್ಲ. ಹೆಂಡತಿ ಕಿಟಕಿಯ ಬಳಿ ಕೂತು ಬೆಳ್ಳಿಬಣ್ಣದ ಪುಟ್ಟ ಕ್ಯಾಮೆರಾ ಒಂದನ್ನು ಒರೆಸುತ್ತಿದ್ದಳು. ಅವಳೇ ಹುಡುಕಿ ತಂದದ್ದು.

“ರೀಲಿದೆಯಾ ಇದರಲ್ಲಿ?”

“ಇದೆ. ಯಾಕೆ?”

“ಕೊಡು ಇಲ್ಲಿ. ಒಂದು ತೆಗೀತೀನಿ.”

ಅವಳು ಅವನನ್ನೇ ನೋಡಿದಳು, ಯಾವ ಕಡೆಯಿಂದ ಕೊಂಕು ಬರುತ್ತದೋ ಎಂದು. ಕೊಟ್ಟಳು. ಹಗುರವಾಗಿತ್ತು, ಅವನ ಬೆರಳುಗಳಿಗೆ ಅದನ್ನೆಲ್ಲಿ ಹಿಡಿಯಬೇಕೆಂಬುದೇ ತಿಳಿಯಲಿಲ್ಲ. ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟ.

“ಹೀಗೆ ನಿಂತರೆ ಸರಿಯಾ?” ಎಂದಳು, ಎದ್ದು ಕಿಟಕಿಗೆ ಬೆನ್ನು ಮಾಡಿ ನಿಂತು.

ಯಾವುದೂ ಸರಿಯಿರಲಿಲ್ಲ. ಬೆಳಕು ಬೆನ್ನ ಹಿಂದಿತ್ತು, ಕೂದಲು ಹಣೆಗೆ ಬಿದ್ದಿತ್ತು, ಹೊರಗಿನ ವಿದ್ಯುತ್ ಕಂಬ ಅವಳ ನೆತ್ತಿಯಿಂದಲೇ ಎದ್ದಂತಿತ್ತು.

“ಸರಿ ಇದೆ,” ಎಂದು ಒತ್ತಿದ.

ಕ್ಲಿಕ್ ಎಂದಿತು. ಅದೇ ಕೊನೆಯ ಚಿತ್ರವಾಗಿತ್ತೇನೋ, ಒಳಗಿನ ಮೋಟರು ಗುಂಯ್ಯೆಂದು ತಾನೇ ರೀಲನ್ನು ಹಿಂದಕ್ಕೆ ಸುತ್ತತೊಡಗಿತು. ಆ ಸದ್ದು ಏನೆಂದು ಅವಳಿಗೆ ಗೊತ್ತಿತ್ತು. ಆದರೂ ಅಲುಗದೆ ಅವನತ್ತಲೇ ನೋಡುತ್ತ ನಿಂತಳು. ಅವನೂ ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಲಿಲ್ಲ. ಅವನ ಅಂಗೈಯಲ್ಲಿ ಅದು ಇನ್ನೂ ಸಣ್ಣಗೆ ನಡುಗುತ್ತಿತ್ತು.