ಪಟಾಪಟಿ ಚಡ್ಡಿಯ ಜೇಬು

ಮಗನ ಪಟಾಪಟಿ ಚಡ್ಡಿಗೆ ಮುತ್ತಮ್ಮ ಜೇಬು ಹೊಲಿಯುತ್ತಿದ್ದುದು ಅದು ಮೂರನೆಯ ಸಲ. ಮೊದಲನೆಯದು ಆಳ ಹೆಚ್ಚಾಗಿ ಪಿಸ್ತೂಲು ಕೈಗೇ ಸಿಗುತ್ತಿರಲಿಲ್ಲ. ಎರಡನೆಯದರಲ್ಲಿ ಹಿಡಿ ಮೇಲೆ ಚಾಚಿ, ಪಂಚೆಯ ಮೇಲಿಂದ ತೊಡೆಗೆ ಗಡ್ಡೆ ಎದ್ದಂತೆ ಕಾಣುತ್ತಿತ್ತು.

"ಪ್ಯಾಂಟು ಬೆಲ್ಟು ಹಾಕಂಡಿದ್ರೆ ಈ ತಾಪತ್ರಯ ಇರ್ತಿರ್ಲಿಲ್ಲ ಕಣವ್ವ," ಎಂದ ಸಿದ್ದರಾಮು.

"ಡೇರಿಗೆ ಪಂಚೇಲೇ ಓಗೋನು ಬೆಲ್ಟ್ ಬಿಗ್ಕಂಡು ಓದ್ರೆ ಊರೆಲ್ಲಾ ನಿನ್ ಸೊಂಟನೇ ನೋಡ್ತದೆ. ಸುಮ್ನೆ ನಿಂತ್ಕೊಳ್ಲಾ, ಅಳತೆ ತಗೀಬೇಕು."

ಎರಡು ವರ್ಷದ ಹಿಂದೆ ದೇವಲಾಪುರದಿಂದ ಬರುವ ದಾರಿಯಲ್ಲಿ ಮುತ್ತಮ್ಮನ ಗಂಡ ಮಂಚಯ್ಯನನ್ನು ಇಬ್ಬರು ಮಚ್ಚಿನಿಂದ ಕಡಿದು ಹಾಕಿದ್ದರು. ಊರ ಗೋಮಾಳದಲ್ಲಿ ಕಲ್ಲು ಕ್ವಾರಿ ಬೇಡವೆಂದು ಅರ್ಜಿ ಬರೆದದ್ದೇ ಅವನ ತಪ್ಪು. ಹಿಂದೆ ಹಾಲಿನ ಕ್ಯಾನು ಹಿಡಿದು ಬರುತ್ತಿದ್ದ ಸಿದ್ದರಾಮು ಇಬ್ಬರ ಮುಖವನ್ನೂ ಕಂಡಿದ್ದ. ಕಂಡವನು ಅವನೊಬ್ಬನೇ. ಬರುವ ಸೋಮವಾರ ನಾಗಮಂಗಲದ ಕೋರ್ಟಿನಲ್ಲಿ ಅವನು ಸಾಕ್ಷಿ ಹೇಳಬೇಕಿತ್ತು. ಜಾಮೀನಿನ ಮೇಲೆ ಹೊರಗಿದ್ದ ಆ ಇಬ್ಬರು ವಾರಕ್ಕೊಮ್ಮೆ ಮನೆ ಮುಂದೆ ಬೈಕು ನಿಲ್ಲಿಸಿ, ಹಾರನ್ ಹೊಡೆದು, ನಕ್ಕು ಹೋಗುತ್ತಿದ್ದರು. ಹೆಂಡತಿ ಅನಿತಳನ್ನೂ ಮಗಳನ್ನೂ ಅವನು ಕೆ.ಆರ್. ಪೇಟೆಯ ತವರಿಗೆ ಕಳಿಸಿಬಿಟ್ಟಿದ್ದ.

ವರ್ಷವಿಡೀ ಅಲೆದ ಮೇಲೆ ಪಿಸ್ತೂಲಿನ ಲೈಸೆನ್ಸು ಕೈಗೆ ಬಂದಿತ್ತು. ಪಾಂಡವಪುರದ ಮಹದೇವಸ್ವಾಮಿ, ಮಿಲಿಟರಿಯಲ್ಲಿದ್ದು ಬಂದ ದೂರದ ನೆಂಟ, ಜೊತೆಗೆ ಬಂದು ಆರಿಸಿ ಕೊಡಿಸಿದ್ದ. ಮೂವತ್ತೆರಡು ಬೋರಿನದು, ಅಂಗೈಗಿಂತ ತುಸು ದೊಡ್ಡದು. "ಸಣ್ ಗುಂಡು ಕಣಪ್ಪ, ದೂರಕ್ಕೆ ಏನೂ ಕಿತ್ಕಳಲ್ಲ. ಅತ್ರ ಬಂದೋರ್ಗೆ ಸಾಕು. ಅವ್ರು ಅತ್ರ ಬರೋಗಂಟ ಅದು ನಿನ್ ಕೈಗೆ ಬಂದಿರ್ಬೇಕು, ಅಷ್ಟೆ," ಎಂದಿದ್ದ.

ಬರುತ್ತದೋ ಇಲ್ಲವೋ ನೋಡಿಯೇಬಿಡೋಣ ಎಂದು ಹಟ ಹಿಡಿದವಳು ಮುತ್ತಮ್ಮನೇ. ಶನಿವಾರ ಮಧ್ಯಾಹ್ನ ಹಿತ್ತಲಿನಲ್ಲಿ ಸಿದ್ದರಾಮು ಗುಂಡು ತುಂಬಿದ ಮ್ಯಾಗಜಿನ್ ಕಳಚಿ ಕಿಟಕಿಯ ಮೇಲಿಟ್ಟ. ಅವಳು ಒಂದು ಕೋಲಿಗೆ ಟವೆಲ್ ಸುತ್ತಿಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ನಿಂತಳು. ನಡುವೆ ಇಪ್ಪತ್ತು ಹೆಜ್ಜೆ.

"ನಾನೇ ಅವ್ರು ಅಂದ್ಕೊ."

"ಮಂಡಿನೋವು ಅಂತ ಮೆಟ್ಲು ಅತ್ತಕ್ಕಾಗಲ್ಲ ನಿಂಗೆ. ರೌಡಿ ಆಯ್ತಾಳಂತೆ ರೌಡಿ!"

"ಅವ್ರಿಗೂ ಮಂಡಿನೋವಿದ್ದಿದ್ರೆ ನಿಮ್ಮಪ್ಪ ಬದುಕಿರೋನು."

ಮೊದಲ ಸಲ ಅವನು ಪಂಚೆ ಎತ್ತಿ ಜೇಬಿಗೆ ಕೈ ಹಾಕುವಷ್ಟರಲ್ಲಿ ಅವಳು ಬಂದಾಗಿತ್ತು. ಎರಡನೆಯ ಸಲ ಪಿಸ್ತೂಲು ಪಂಚೆಯ ಅಂಚಿಗೆ ಸಿಕ್ಕಿಕೊಂಡಿತು. ಮೂರನೆಯ ಸಲ ಕೈಗೆ ಬಂತೇನೋ ನಿಜ, ಆದರೆ ಅದರ ಮೇಲಿನ ಭಾಗವನ್ನು ಹಿಂದಕ್ಕೆಳೆದು ಗುಂಡನ್ನು ನಳಿಗೆಗೆ ಏರಿಸಲು ಎರಡೂ ಕೈ ಬೇಕಾಗಿ, ಎತ್ತಿದ್ದ ಪಂಚೆ ಕಾಲಿಗೆ ತೊಡರಿತು. ಮೂರು ಸಲವೂ ಕೋಲು ಅವನ ಕುತ್ತಿಗೆಗೆ ತಾಗಿತು. ಮಂಚಯ್ಯನಿಗೆ ಮೊದಲ ಏಟು ಬಿದ್ದದ್ದೂ ಅಲ್ಲೇ. ಅವಳು ಕೋಲನ್ನು ಗೋಡೆಗೆ ಒರಗಿಸಿ, ಹಸುವಿಗೆ ಬೂಸಾ ಕಲಸಲು ಹೋದಳು.

ಸಿದ್ದರಾಮು ಮಹದೇವಸ್ವಾಮಿಗೆ ಫೋನು ಮಾಡಿದ. ಒಂದು ಗುಂಡನ್ನು ಮೊದಲೇ ನಳಿಗೆಗೆ ಏರಿಸಿಟ್ಟುಕೋ, ಆಗ ಒಂದು ಕೈ ಸಾಕು ಎಂದ ಅವನು. ಸಿದ್ದರಾಮು ಹಾಗೇ ಮಾಡಿಟ್ಟುಕೊಂಡ.

ಭಾನುವಾರ ಮತ್ತೆ ಹಿತ್ತಲು. ಮತ್ತೆ ಮ್ಯಾಗಜಿನ್ ಕಳಚಿ ಕಿಟಕಿಯ ಮೇಲಿಟ್ಟ. ನಳಿಗೆಗೆ ಏರಿದ ಗುಂಡು ಮ್ಯಾಗಜಿನ್ ಜೊತೆ ಕಳಚಿ ಬರುವುದಿಲ್ಲ ಎಂಬುದು ಆ ಹೊತ್ತಿಗೆ ಅವನಿಗೆ ಹೊಳೆಯಲಿಲ್ಲ.

ಈ ಸಲ ಮುತ್ತಮ್ಮ ಮಂಡಿ ಮರೆತು ಓಡಿಯೇ ಬಂದಳು. ಅವಳು ಅರ್ಧ ದಾರಿ ದಾಟುವ ಮೊದಲೇ ಪಿಸ್ತೂಲು ಅವನ ಕೈಲಿತ್ತು, ಅವಳ ಎದೆಗೆ ನೇರವಾಗಿ. ಅವನ ಮುಖ ಕಂಡು ಅವಳ ಕಾಲು ತಾನಾಗಿ ನಿಂತಿತು. ಅವನು ಟ್ರಿಗರ್ ಎಳೆದ.

ಟಿಕ್ ಎಂದಿತು.

"ನೀ ಸತ್ತೋದೆ ಕಣವ್ವ!" ಎಂದು ಅವನು ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದ.

"ಬದುಕ್ಕಂಡೆ ಬುಡು ನೀನು," ಎಂದು ಅವಳೂ ಏದುಸಿರು ಬಿಡುತ್ತಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು.

ಪಿಸ್ತೂಲಿನ ಮೇಲುಭಾಗವನ್ನು ಅವನು ಸುಮ್ಮನೆ ಹಿಂದಕ್ಕೆಳೆದ. ಹಿತ್ತಾಳೆಯ ಗುಂಡೊಂದು ಹಾರಿ ಅವಳ ಪಾದದ ಬಳಿ ಬಿತ್ತು.

ಇಬ್ಬರೂ ಅದನ್ನೇ ನೋಡಿದರು. ಸಿದ್ದರಾಮು ಕುಕ್ಕರಗಾಲಲ್ಲಿ ಕೂತು ಎತ್ತಿಕೊಂಡ. ಗುಂಡಿನ ಹಿಂಬದಿಯಲ್ಲಿ ಉಗುರು ತಾಗಿದಷ್ಟು ಸಣ್ಣ ಗುರುತು. ಪಿಸ್ತೂಲನ್ನು ತಿರುಗಿಸಿದರೆ, ಗುಂಡಿಗೆ ಬಡಿಯಬೇಕಾದ ಸುತ್ತಿಗೆಯ ಸಂದಿಯಲ್ಲಿ ಕೆಂಪಗೆ ಏನೋ ಗಟ್ಟಿಯಾಗಿ ಮೆತ್ತಿಕೊಂಡಿತ್ತು.

"ಇದೇನವ್ವ ಇದು?"

"ಕುಂಕ್ಮ ಕಣ್ ಮಗ," ಎಂದಳು ಮುತ್ತಮ್ಮ. "ಆಯುಧಪೂಜೇಲಿ ಇಕ್ಕಿದ್ದೆ. ಉದುರ್ಬಾರ್ದು ಅಂತ ಅಳ್ಳೆಣ್ಣೇಲಿ ಕಲಸಿ."

ಅಂದು ಅವನು ಟ್ರಾಕ್ಟರು ತೊಳೆಯಲು ಕೆರೆಗೆ ಹೋಗಿದ್ದಾಗ ಅವಳು ಕುಡುಗೋಲಿಗೆ, ಗುದ್ದಲಿಗೆ, ಹೊಲಿಗೆ ಮಿಷನ್ನಿಗೆ ಒಂದೊಂದು ಬೊಟ್ಟು ಇಟ್ಟಿದ್ದಳು. ಮಗನ ಜೀವ ಕಾಯುವ ಇದಕ್ಕೆ ಮಾತ್ರ ಒಂದು ಬೊಟ್ಟು ಸಾಲದೆನಿಸಿ, ಬೆರಳು ಹೋಗದ ಸಂದಿಗೂ ಕಡ್ಡಿಯಲ್ಲಿ ತುಂಬಿದ್ದಳು. ಹೊರಗೆ ಬಳಿದದ್ದನ್ನು ಅವನು ಒರೆಸಿಕೊಂಡಿದ್ದ, ಒಳಗಿನದು ಉಳಿದಿತ್ತು. ನಾಳೆ ದಾರಿಯಲ್ಲೂ ಅದು ಟಿಕ್ ಎಂದೇ ಸುಮ್ಮನಾಗುತ್ತಿತ್ತು.

ಸಿದ್ದರಾಮು ಎದ್ದು ಹೋಗಿ ತಿಪ್ಪೆಯ ಪಕ್ಕ ವಾಂತಿ ಮಾಡಿಕೊಂಡ. ಅವಳು ಚೊಂಬಿನಲ್ಲಿ ನೀರು ತಂದು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಹಣೆ ಹಿಡಿದುಕೊಂಡಳು.

"ಒರೆಸ್ಬುಟ್ರೆ ಸರಿ ಓಯ್ತದಲ್ವಾ?"

"ಓಯ್ತದೆ ಕಣವ್ವ. ಆದ್ರೆ ಇನ್ಮೇಲೆ ಎತ್ದಾಗೆಲ್ಲ ಎದುರ್ಗಡೆ ನೀನೇ ಕಾಣ್ತೀಯ. ನನ್ ಕೈಲಿ ಆಗಲ್ಲ."

ಅಂದೇ ಸಂಜೆ ಅವನು ಪಿಸ್ತೂಲನ್ನು ಠಾಣೆಗೆ ಒಪ್ಪಿಸಿ ಚೀಟಿ ಬರೆಸಿಕೊಂಡು ಬಂದ.

ಸೋಮವಾರ ಬೆಳಿಗ್ಗೆ ಹಾಲು ಕರೆದಿಟ್ಟು ಮುತ್ತಮ್ಮನೂ ಹೊರಟಳು. ಬಸ್ಸಿಗೆ ಒಂದು ಮೈಲಿ ನಡೆಯಬೇಕು.

"ಮುಂದೆ ನಡಿ ನೀನು," ಎಂದಳು.

"ಯಾಕವ್ವ, ಜೊತೇಲೇ ಬಾ."

"ನಿಮ್ಮಪ್ಪಂಗೆ ಏಟು ಬಿದ್ದಿದ್ದು ಇಂದ್ಗಡೆಯಿಂದ ತಾನೆ? ನಡಿ."

ಕೋರ್ಟಿನಲ್ಲಿ ಸಿದ್ದರಾಮು ಇಬ್ಬರ ಕಡೆಗೂ ಬೆರಳು ತೋರಿಸಿ, ಕಂಡದ್ದನ್ನೆಲ್ಲ ಹೇಳಿದ. ಎಲ್ಲೂ ನಿಲ್ಲಿಸಲಿಲ್ಲ. ಅವರ ವಕೀಲರು ಪಾಟೀಸವಾಲಿಗೆ ಕಾಲಾವಕಾಶ ಕೇಳಿದರು. ನಲವತ್ತು ದಿನ ಬಿಟ್ಟು ಮತ್ತೆ ಬರಬೇಕು. ಗೇಟಿನ ಬಳಿ ನಿಂತಿದ್ದ ಆ ಇಬ್ಬರು ಈ ಸಲ ನಗಲಿಲ್ಲ. ಮುತ್ತಮ್ಮನಿಗೆ ಅದನ್ನು ಕಂಡೇ ಹೆಚ್ಚು ಭಯವಾಯಿತು.

ಬಸ್ಸಿಳಿದು ಬರುವಾಗಲೂ ಅವಳು ಹಿಂದೆಯೇ ನಡೆದಳು. ಅರ್ಧ ದಾರಿಯಲ್ಲಿ ಬೆನ್ನ ಹಿಂದೆ ಬೈಕಿನ ಸದ್ದು ಕೇಳಿತು. ಅವಳು ತಿರುಗಲಿಲ್ಲ. ಹೆಜ್ಜೆ ಬಿರುಸು ಮಾಡಿ, ಸೆರಗು ಅಗಲಿಸಿ ಹೊದ್ದು, ಮಗನ ಬೆನ್ನಿಗೆ ಅಂಟಿಕೊಂಡಂತೆ ನಡೆದಳು. ಸದ್ದು ಹತ್ತಿರವಾಯಿತು, ಪಕ್ಕಕ್ಕೆ ಬಂತು, ದಾಟಿ ಹೋಯಿತು. ಹಾಲಿನ ಕ್ಯಾನು ಕಟ್ಟಿಕೊಂಡ ಯಾರೋ ಡೇರಿಗೆ ಹೋಗುತ್ತಿದ್ದ.

ಅವಳು ಅಂತರ ಬಿಡಲಿಲ್ಲ. ಇನ್ನೂ ನಲವತ್ತು ದಿನವಿತ್ತು.