ಹೊರಮೆಟ್ಟಿಲು ಕೆಡವಿದ ಮೇಲೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಟೇಪಕ್ಕ ಎಂದೇ ಕರೆಯುತ್ತಿದ್ದರು. ಕೊರಳಲ್ಲಿ ಅಳತೆ ಟೇಪು ಇಲ್ಲದೆ ಅವಳನ್ನು ಕಂಡವರಿಲ್ಲ. ಸ್ನಾನಕ್ಕಾದರೂ ತೆಗೆದಿಡುತ್ತಾಳೋ ಇಲ್ಲವೋ ಎಂದು ಮೂಲೆಮನೆಯ ಟೀಚರು ನಗೆಯಾಡುವುದಿತ್ತು. ಗಂಡನನ್ನು ಬಿಟ್ಟು ಬಂದವಳು ತಮ್ಮನ ಮನೆಯ ಮಹಡಿಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ಇಪ್ಪತ್ತಾರು ವರ್ಷವಾಗಿತ್ತು. ಗಿರಾಕಿಗಳು ಬೀದಿಯಿಂದ ನೇರವಾಗಿ ಹೊರಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರು ಬಂದದ್ದಾಗಲಿ ಹೋದದ್ದಾಗಲಿ ಕೆಳಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ಒಂದೇ ಸೂರಿನಡಿ ಇಷ್ಟು ಕಾಲ ಮುಖ ಕೆಡಿಸಿಕೊಳ್ಳದೆ ಬಾಳಿದ್ದರೆ ಅದು ಈ ಮೆಟ್ಟಿಲ ಪುಣ್ಯ ಎಂದು ಅವಳು ಒಳಗೊಳಗೇ ಅಂದುಕೊಂಡಿದ್ದಳು.

ಹಳೇ ಮನೆಯನ್ನು ಹೊಸದು ಮಾಡಲು ಹೊರಟ ತಮ್ಮ ಒಂದು ಸಂಜೆ ಮೇಲೆ ಬಂದ.

“ಅಕ್ಕ, ಹೊರಗಿನ ಮೆಟ್ಟಿಲು ತೆಗೆಸ್ತಾ ಇದ್ದೀನಿ. ಹಾಲ್‌ನಿಂದಲೇ ಹೊಸದು ಬರುತ್ತೆ. ಮಳೇಲಿ ನೆನ್ಕೊಂಡು ಹತ್ತೋದು ತಪ್ಪುತ್ತೆ ನಿಂಗೆ.”

“ನನ್ನ ಗಿರಾಕಿಗಳು?”

“ಅವರೂ ಒಳಗಿಂದಲೇ ಬರಲಿ. ಯಾರು ಬೇಡ ಅಂತಾರೆ?”

ಅವನ ಮಾತಿನಲ್ಲಿ ಕಪಟ ಕಾಣಲಿಲ್ಲ. ಅದಕ್ಕೇ ಅವಳಿಗೆ ಎದುರಾಡಲು ಬಾಯಿ ಬರಲಿಲ್ಲ.

ಮೇಸ್ತ್ರಿ ಬಂದು ಸುತ್ತಿಗೆಯಿಂದ ಕುಟ್ಟಿ ನೋಡಿದ. ಗಾರೆ ಚಕ್ಕೆಚಕ್ಕೆಯಾಗಿ ಉದುರಿತು. ತಮ್ಮ ಅತ್ತ ಹೋದದ್ದೇ ಅವಳು ಕೆಳಗಿಳಿದು ಬಂದು ಕೇಳಿದಳು. “ಮೇಸ್ತ್ರಿ, ಇದನ್ನ ಉಳಿಸೋಕೆ ಆಗಲ್ವಾ?”

“ಯಾಕಾಗಲ್ಲಮ್ಮ? ಕೆಳಗಿನ ನಾಲ್ಕು ಮೆಟ್ಟಿಲ ಕಂಬಿ ತುಕ್ಕು ಹಿಡಿದಿದೆ. ಅಷ್ಟು ಬದಲಾಯಿಸಿದ್ರೆ ಇನ್ನಿಪ್ಪತ್ತು ವರ್ಷ ಅಲ್ಲಾಡಲ್ಲ. ಆದ್ರೆ ಯಜಮಾನರಿಗೆ ಇಲ್ಲಿ ಕಾರು ನಿಲ್ಲಿಸಬೇಕಂತೆ.”

ಕಾರಿನ ಮಾತು ಅವಳ ಕಿವಿಗೆ ಮೊದಲ ಸಲ ಬಿದ್ದದ್ದು ಆಗ. ತಮ್ಮನನ್ನು ಕೇಳಬಹುದಿತ್ತು. ಇರುವ ನೆರಳನ್ನೂ ಯಾಕೆ ಕಳೆದುಕೊಳ್ಳಲಿ ಎಂದು ನುಂಗಿಕೊಂಡಳು.

ಮೂರು ದಿನ ಒಡೆದರು. ಮೆಷಿನ್ ಮೇಲೆ ಎರಡು ದುಪ್ಪಟಿ ಹೊದಿಸಿದರೂ ಧೂಳು ನುಗ್ಗಿತು. ಹೊರಮೆಟ್ಟಿಲಿಗೆ ತೆರೆಯುತ್ತಿದ್ದ ಅವಳ ಬಾಗಿಲಿಗೆ ಸೊಂಟದೆತ್ತರ ಇಟ್ಟಿಗೆ ಕಟ್ಟಿ, ಮೇಲಿನರ್ಧಕ್ಕೆ ಕಿಟಕಿ ಕೂರಿಸಿದರು.

ಮನೆ ಚೆನ್ನಾಗಿಯೇ ಆಯಿತು. ಹಾಲ್‌ಗೆ ಹಾಲಿನಂಥ ಟೈಲ್ಸು. ಮೊದಲ ಗಿರಾಕಿ ಟೀಚರು, ಟಿವಿ ಮುಂದೆ ಬನಿಯನ್ನಿನಲ್ಲಿ ಕುಳಿತಿದ್ದ ತಮ್ಮನನ್ನು ದಾಟಿಕೊಂಡು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದರು. ಅವರ ಹಿಂದೆಯೇ ತಮ್ಮನ ಹೆಂಡತಿ ತುಟಿ ಪಿಟಕ್ಕೆನ್ನದೆ ಹೆಜ್ಜೆಗುರುತು ಒರೆಸುತ್ತಾ ಬಂದಳು. ಮರುದಿನ ಬಂದ ಇಬ್ಬರ ಹಿಂದೆಯೂ ಅದೇ ಒರೆಸುವ ಬಟ್ಟೆ.

“ಗಿರಾಕಿಗಳಿಗೆ ಸಂಕೋಚ ಆಗುತ್ತೆ ಕಣಮ್ಮ,” ಎಂದಳು ಟೇಪಕ್ಕ.

“ನಾನೇನೂ ಅನ್ನಲಿಲ್ವಲ್ಲ, ಅತ್ತಿಗೆ.”

ನಿಜ, ಅವಳೇನೂ ಅಂದಿರಲಿಲ್ಲ.

ಆಮೇಲೆ ಟೀಚರು ಬೀದಿಯಲ್ಲೇ ನಿಂತು ಕೂಗತೊಡಗಿದರು. ಟೇಪಕ್ಕ ಕಿಟಕಿಯಿಂದ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಡುತ್ತಿದ್ದಳು. ಚೀಲದಲ್ಲಿ ಬಟ್ಟೆ ಬರುತ್ತದೆ, ಸೊಂಟದ ಅಳತೆ ಬರುವುದಿಲ್ಲ. ವಾರದಲ್ಲೇ ತಮ್ಮನ ಹೆಂಡತಿ, “ಬೀದೀಲಿ ನಿಂತು ಕೂಗೋದು ಸರಿ ಕಾಣಲ್ಲ ಅತ್ತಿಗೆ,” ಎಂದಳು. ಹಗ್ಗ ಒಳಗೆ ಬಂತು. ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು. ಟೀಚರು ದಾರಿಯಲ್ಲಿ ಸಿಕ್ಕರೆ ಈಗ ಹವೆಯ ಬಗ್ಗೆ ಮಾತಾಡುತ್ತಿದ್ದರು.

ಅವಳು ತಮ್ಮನಿಗೆ ಹೇಳಿ ನೋಡಿದಳು.

“ಕೆಲಸ ಕಮ್ಮಿ ಆದ್ರೆ ಆಗಲಿ ಬಿಡಕ್ಕ. ಎಷ್ಟು ದಿನ ಅಂತ ಪೆಡಲ್ ತುಳೀತೀಯ? ನಿನಗೊಂದು ತುತ್ತು ನಮಗೆ ಭಾರಾನಾ?”

“ತುತ್ತು ಹಾಕ್ತೀಯ, ಗೊತ್ತಪ್ಪ. ನಾನು ಹೇಳಿದ್ದು ಅದಲ್ಲ.”

“ಮತ್ತೇನು?”

ಏನೆಂದು ಹೇಳುವುದು? ಅವಳು ಮೆಟ್ಟಿಲು ಹತ್ತಿ ಮೇಲೆ ಹೋದಳು.

ಮಾರುಕಟ್ಟೆಯ ಬಳಿ ಚಪ್ಪಲಿ ರಿಪೇರಿಯವನ ಪಕ್ಕದ ಕೋಣೆ ಖಾಲಿಯಿದೆ ಎಂದು ಕೇಳಿ ಹೋದಳು. ಕೋಣೆಯ ಮಾಲೀಕ ಅವಳ ನರೆತ ತಲೆಯನ್ನೂ ಊದಿದ ಮಂಡಿಯನ್ನೂ ನೋಡಿದ.

“ಮನೇಲಿ ಯಾರೂ ಇಲ್ವಾಮ್ಮ?”

“ತಮ್ಮ ಇದ್ದಾನೆ.”

“ಚೆನ್ನಾಗಿ ನೋಡ್ಕೊಳ್ಳಲ್ವಾ?”

“ನೋಡ್ಕೋತಾನೆ.”

“ಮತ್ತೇನಮ್ಮ,” ಎಂದು ಅವನು ಕೋಣೆಗೆ ಬೀಗ ಹಾಕಿಕೊಂಡ.

ಶಾಲೆ ಶುರುವಾಗುವ ಕಾಲ ಬಂತು. ಪ್ರತಿ ವರ್ಷ ಆ ವಾರ ಯೂನಿಫಾರ್ಮ್ ಹೊಲಿಯುವುದರಲ್ಲಿ ಅವಳಿಗೆ ಊಟ ಮಾಡಲೂ ಪುರುಸೊತ್ತಿರುತ್ತಿರಲಿಲ್ಲ. ಈ ಸಲ ಒಬ್ಬರೂ ಬರಲಿಲ್ಲ. ಬಂದವಳು ತಮ್ಮನ ಹೆಂಡತಿ, ತೋಳ ತುಂಬಾ ಬಟ್ಟೆ ಹೊತ್ತುಕೊಂಡು.

“ಸುಮ್ನೆ ಕೂತಿದ್ದೀರಲ್ಲ ಅತ್ತಿಗೆ, ಹಾಲ್ ಪರದೆ ಹೊಲ್ಕೊಡ್ತೀರಾ? ಕಿಟಕಿ ಅಳತೆ ಚೀಟೀಲಿ ಬರೆದಿದ್ದೀನಿ.”

ಟೇಪಕ್ಕ ಇಡೀ ದಿನ ಹೊಲಿದಳು. ಕಿಟಕಿಯನ್ನು ತಾನೇ ಅಳೆಯಬೇಕು ಎಂದು ಒಮ್ಮೆ ಅನ್ನಿಸಿತು; ಯಾಕೋ ಏಳಲಿಲ್ಲ. ಸಂಜೆ ಕೆಳಗೆ ತಂದು ಹಿಡಿದರೆ ಪರದೆ ನಾಲ್ಕು ಬೆರಳು ಗಿಡ್ಡ.

“ಬಿಚ್ಚಿ ಇನ್ನೊಂದು ಪಟ್ಟಿ ಸೇರಿಸಿ ಕೊಡ್ತೀನಿ.”

“ಬಿಡಿ ಅತ್ತಿಗೆ, ನಡೆಯುತ್ತೆ. ನಿಮಗೂ ವಯಸ್ಸಾಯ್ತಲ್ಲ.”

ಇಪ್ಪತ್ತಾರು ವರ್ಷದಲ್ಲಿ ಅವಳ ಹೊಲಿಗೆಯನ್ನು ಯಾರೂ ‘ನಡೆಯುತ್ತೆ’ ಅಂದಿರಲಿಲ್ಲ. ನೀನು ಕೊಟ್ಟ ಅಳತೆಯೇ ತಪ್ಪು ಎಂಬ ಮಾತು ನಾಲಿಗೆ ತುದಿಗೆ ಬಂತು. “ಹೂಂ,” ಎಂದಳು. ಮೇಲೆ ಹೋಗಿ ದೀಪ ಹಾಕದೆ ಕುಳಿತಳು. ಊಟಕ್ಕೆ ಕರೆದಾಗ ಇಳಿದು ಬಂದಳು.